ಮಿಲಿಟರಿ ಬೇಸ್ ಒಳಗೆ ಸ್ಪೀಡಿಂಗ್ ಟಿಕೆಟ್ (ದಂಡದ ಚೀಟಿ) ಬಿದ್ದಿದೆ, ಯಾವ ಕೋರ್ಟು? ಗೊತ್ತಿದ್ದವರು ದಯವಿಟ್ಟು ಹೇಳಿ

ಕೇಳಿದವರು: ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಆರ್ಮಿ ಬೇಸ್‌ನಲ್ಲಿ ಕಾಂಟ್ರಾಕ್ಟರ್ ಆಗಿ ಕೆಲಸ ಮಾಡುತ್ತೇನೆ. ಹೋದ ವಾರ ಗೇಟ್ ಒಳಗಡೆ, 25 ಮೈಲಿ ಮಿತಿ ಇರುವ ರಸ್ತೆಯಲ್ಲಿ 47ರಲ್ಲಿ ಹೋಗಿ ಸಿಕ್ಕಿಬಿದ್ದೆ. ಟಿಕೆಟ್ ಬರೆದ ಪೊಲೀಸ್ "ಇದು ಕನ್‌ಕರೆಂಟ್ ಜ್ಯೂರಿಸ್‌ಡಿಕ್ಷನ್ ಜಾಗ" ಅಂದರು. ಹಾಗಂದರೆ ಏನು? ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದೆ. ಸುಮ್ನೆ ದುಡ್ಡು ಕಟ್ಟಿ ಮುಗಿಸಲಾ?

ಮೊದಲ ಉತ್ತರ: ಈಗಲೇ ಕಟ್ಟಬೇಡಿ. ಮೊದಲು ಆ ಟಿಕೆಟ್ ಕಾಗದ ಬಿಡಿಸಿ ನೋಡಿ. ಅದರಲ್ಲಿ ಎರಡು ಚೌಕ ಇರುತ್ತವೆ. "ಬಿ"ಗೆ ಗುರುತು ಹಾಕಿದ್ದರೆ ಹಣ ಕಟ್ಟಬಹುದು, ಬೇಡವಾದರೆ ಕೋರ್ಟಿಗೆ ಹೋಗಬಹುದು. "ಎ"ಗೆ ಹಾಕಿದ್ದರೆ ಕೋರ್ಟಿಗೆ ಹೋಗಲೇಬೇಕು.

ನನಗೂ ಇದೇ ಆಗಿತ್ತು, ಇದೇ ರಾಜ್ಯದಲ್ಲಿ. ವರ್ಜೀನಿಯಾ ಕಾನೂನಿನಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ ಅದು ಬರೀ ಸ್ಪೀಡಿಂಗ್ ಅಲ್ಲ, "ರೆಕ್‌ಲೆಸ್ ಡ್ರೈವಿಂಗ್" (ಅಜಾಗರೂಕ ಚಾಲನೆ) ಆಗಬಹುದು. ಅದು ಕ್ರಿಮಿನಲ್ ಅಪರಾಧ, 12 ತಿಂಗಳವರೆಗೆ ಜೈಲಿಗೆ ಅವಕಾಶ ಇದೆ. ನೀವು 22 ಜಾಸ್ತಿ ಹೋಗಿದ್ದೀರಿ.

ಕನ್‌ಕರೆಂಟ್ ಅಂದರೆ ಆ ನೆಲದ ಮೇಲೆ ರಾಜ್ಯಕ್ಕೂ ಅಧಿಕಾರ ಇದೆ, ಫೆಡರಲ್ ಅಂದರೆ ಕೇಂದ್ರ ಸರ್ಕಾರಕ್ಕೂ ಇದೆ. ಬೇಸ್ ಪೊಲೀಸ್ ಕೊಟ್ಟ ಟಿಕೆಟ್ ಸಾಮಾನ್ಯವಾಗಿ ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಆದರೆ ಅಲ್ಲಿ ಓದುವುದು ರಾಜ್ಯದ ಕಾನೂನನ್ನೇ. 1825ರಿಂದಲೂ ಹೀಗೆ ಎರವಲು ಪಡೆಯುವ ಒಂದು ಕಾಯ್ದೆ ಇದೆ, ಫೆಡರಲ್ ಕಾನೂನಿನಲ್ಲಿ ಇಲ್ಲದ್ದನ್ನು ರಾಜ್ಯದ ಕಾನೂನಿನಿಂದ ತುಂಬಿಕೊಳ್ಳುತ್ತಾರೆ.

ನನ್ನ ತಪ್ಪು ಏನೆಂದರೆ, ರಾಜ್ಯದ ಕೌಂಟಿ ಕೋರ್ಟಿನ ಟ್ರಾಫಿಕ್ ವಕೀಲರನ್ನು ಹಿಡಿದೆ. ಅವರಿಗೆ ಫೆಡರಲ್ ಕೋರ್ಟಿನ ಅಭ್ಯಾಸವೇ ಇರಲಿಲ್ಲ. ಕಟ್ಟಿದ ಅಡ್ವಾನ್ಸ್ ಹೋಯಿತು, ಎರಡು ವಾರವೂ ಹೋಯಿತು. ಎರಡನೆಯ ವಕೀಲರು ಕೇಳಿದ ಮೊದಲ ಪ್ರಶ್ನೆ, "ಗಾಡಿ ನಿಲ್ಲಿಸಿದ್ದು ಸೇತುವೆಯ ಈ ಕಡೆಯೋ ಆ ಕಡೆಯೋ?" ಬೇಸ್ ಒಂದೇ ಆದರೂ ಜಮೀನನ್ನು ತುಂಡು ತುಂಡಾಗಿ ಬೇರೆ ಬೇರೆ ವರ್ಷ ತೆಗೆದುಕೊಂಡಿರುತ್ತಾರೆ. ಒಂದು ತುಂಡು ಪೂರ್ತಿ ಫೆಡರಲ್, ಪಕ್ಕದ್ದು ಇಬ್ಬರದ್ದೂ, ಇನ್ನೊಂದರಲ್ಲಿ ಫೆಡರಲ್ ಸರ್ಕಾರ ಬರೀ ಜಮೀನಿನ ಮಾಲೀಕ. 1940ರ ಫೆಬ್ರವರಿ 1ರ ನಂತರ ಪಡೆದ ಜಾಗವಾದರೆ, ಫೆಡರಲ್ ಸರ್ಕಾರ ಅಧಿಕಾರವನ್ನು ವಿಧಿವತ್ತಾಗಿ ಒಪ್ಪಿಕೊಂಡ ದಾಖಲೆ ಇರಲೇಬೇಕು. ಹಾಗಾಗಿ ನಿಲ್ಲಿಸಿದ ಜಾಗವನ್ನು ಮ್ಯಾಪಿನಲ್ಲಿ ಇವತ್ತೇ ಗುರುತು ಮಾಡಿಡಿ.

ಕೋರ್ಟಿನಲ್ಲಿ ಸರ್ಕಾರದ ಪರ ನಿಂತಿದ್ದವರು ಯೂನಿಫಾರ್ಮ್ ಹಾಕಿದ ಆರ್ಮಿ ವಕೀಲೆ. ನೋಡಿ ಕೈಕಾಲು ತಣ್ಣಗಾಯಿತು. ಆದರೆ ಅದು ಸೇನಾ ಕೋರ್ಟ್ ಅಲ್ಲ. ಅವರು ನಮ್ಮ ವಕೀಲರ ಜೊತೆ ಸಮಾಧಾನವಾಗಿಯೇ ಮಾತಾಡಿದರು. ಕೊನೆಗೆ ಮಾಮೂಲಿ ಸ್ಪೀಡಿಂಗ್‌ಗೆ ಇಳಿಯಿತು. ನಿಮ್ಮದೂ ಹಾಗೇ ಆಗುತ್ತದೆ ಅಂತ ನಾನು ಹೇಳಲಾರೆ. ತಪ್ಪೊಪ್ಪಿಗೆಗೆ ಮುಂಚೆ ಇಮಿಗ್ರೇಷನ್ ವಕೀಲರಿಗೂ ಒಂದು ಮಾತು ಕೇಳಿ. ಮುಂದೆ ಪೌರತ್ವದ ಫಾರಂನಲ್ಲೂ ಇಂಥದ್ದನ್ನು ಕೇಳುತ್ತಾರೆ.

ಎರಡನೆಯ ಉತ್ತರ: ಒಂದೇ ಕೃತ್ಯಕ್ಕೆ ರಾಜ್ಯವೂ ಫೆಡರಲ್ ಸರ್ಕಾರವೂ ಬೇರೆ ಬೇರೆ ಕೇಸು ಹಾಕುವುದು ಸಂವಿಧಾನದ ಪ್ರಕಾರ ತಪ್ಪಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಕೆಲವು ರಾಜ್ಯಗಳು ತಮ್ಮದೇ ಕಾನೂನಿನಿಂದ ಇದಕ್ಕೆ ತಡೆ ಹಾಕಿಕೊಂಡಿವೆ. ಟ್ರಾಫಿಕ್ ವಿಷಯಕ್ಕೆ ಅಷ್ಟು ಭಯ ಬೇಡ, ಆದರೂ ವಕೀಲರನ್ನು ಕೇಳಿಡಿ.

ಮೂರನೆಯ ಉತ್ತರ: ಟಿಕೆಟ್ ವಿಷಯ ಅಲ್ಲ, ಆದರೂ ಬರೆಯುತ್ತಿದ್ದೇನೆ, ಯಾರಾದರೂ ಅಕ್ಕತಂಗಿಯರು ಓದಲಿ ಅಂತ. ನನ್ನ ಗೆಳತಿ ಬೇಸ್ ಒಳಗಿನ ಮನೆಯಲ್ಲಿದ್ದಳು, ಗಂಡ ಸೇನೆಯಲ್ಲಿ. ಹೊಡೆತ ತಾಳಲಾರದೆ ಒಂದು ರಾತ್ರಿ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಗಂಡ ಹತ್ತಿರ ಬರಬಾರದು ಅಂತ ಅವನ ಕಮಾಂಡರ್ ಕೊಟ್ಟ ರಕ್ಷಣಾ ಆದೇಶ ಒಂದೇ ಸಾಕು ಅಂದುಕೊಂಡಿದ್ದೆವು. ಸಾಲದು. ಅದು ಸೈನಿಕನನ್ನು ಮಾತ್ರ ಕಟ್ಟಿಹಾಕುತ್ತದೆ, ಹೊರಗಿನ ಪೊಲೀಸರು ಅದನ್ನು ಜಾರಿ ಮಾಡಲಾರರು. ರಾಜ್ಯದ ಕೋರ್ಟಿನಿಂದಲೂ ಆದೇಶ ತೆಗೆದುಕೊಳ್ಳಿ. 2002ರ ಫೆಡರಲ್ ಕಾನೂನಿನ ಪ್ರಕಾರ ಅದು ಬೇಸ್ ಒಳಗೂ ಅಷ್ಟೇ ಬಲದಿಂದ ನಡೆಯುತ್ತದೆ. "ನಮ್ಮ ಗೇಟ್ ಒಳಗೆ ರಾಜ್ಯದ ಕಾಗದ ನಡೆಯಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಹಾಗೆ ಹೇಳಿಯೇ ಮೂರು ದಿನ ಓಡಾಡಿಸಿದರು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಕಾಗದ ತೆಗೆದು ನೋಡಿದೆ, "ಎ" ಚೌಕಕ್ಕೇ ಗುರುತು ಬಿದ್ದಿದೆ. ಫೆಡರಲ್ ಕೋರ್ಟಿನಲ್ಲಿ ವಾದಿಸುವ ವಕೀಲರೊಬ್ಬರು ನಾಳೆ ಬೆಳಗ್ಗೆ ಸಿಗುತ್ತಾರೆ. ನಿಲ್ಲಿಸಿದ್ದ ಜಾಗದ ಹತ್ತಿರ ಒಂದು ನೀರಿನ ಟ್ಯಾಂಕ್ ಇದೆ, ಮ್ಯಾಪಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.