ಕಚ್ಛಿನ ಕಟ್ರೋಲ್ ಹಿಲ್ ಫಾಲ್ಟ್: ಟ್ಯಾಬ್‌ನಲ್ಲಿ ನಕ್ಷೆ, ಆರೇ ಸ್ಯಾಂಪಲ್ ಡೇಟಿಂಗ್. ಎಲ್ಲಿಂದ ತೆಗೆಯೋದು?

ಪದರಗಲ್ಲು:

ಭುಜ್‌ನ ದಕ್ಷಿಣಕ್ಕೆ ಕಟ್ರೋಲ್ ಹಿಲ್ ಫಾಲ್ಟ್ (ಎರಡು ಬದಿಯ ಶಿಲೆ ಒಂದಕ್ಕೊಂದು ಜಾರಿದ ಬಿರುಕು) ಉದ್ದಕ್ಕೂ 1:25,000 ಅಳತೆಯಲ್ಲಿ ಭೂವೈಜ್ಞಾನಿಕ ನಕ್ಷೆ ಮಾಡಬೇಕಿದೆ. ಮೂರು ಜನ, ಮೂರು ಟ್ಯಾಬ್, ಕ್ಯೂಫೀಲ್ಡ್ ಎಂಬ ನಕ್ಷೆ ಆ್ಯಪ್, 12 ದಿನ. ಫಾಲ್ಟಿನ ದಕ್ಷಿಣಕ್ಕೆ ಮೇಲೆದ್ದ ಜುರಾಸಿಕ್ ಪದರಗಳು, ಉತ್ತರಕ್ಕೆ ಭುಜ್ ಫಾರ್ಮೇಶನ್‌ನ ಮರಳುಗಲ್ಲು. ಅಲ್ಲಲ್ಲಿ ಬಸಾಲ್ಟ್ ಡೈಕ್‌ಗಳಿವೆ (ಬಿರುಕಿನಲ್ಲಿ ಶಿಲಾರಸ ಏರಿ ಗಟ್ಟಿಯಾದ ಗೋಡೆಯಂಥ ಶಿಲೆ). ಹಳ್ಳದ ದಂಡೆಗಳಲ್ಲಿ ಮಿಲಿಯೊಲೈಟ್ (ಚಿಪ್ಪಿನ ಚೂರುಗಳು ಸುಣ್ಣದಿಂದ ಅಂಟಿಕೊಂಡ ಕಲ್ಲು), ಗುಡ್ಡದಿಂದ ಜಾರಿಬಂದ ಕಲ್ಲುಮಣ್ಣು ಕಾಣುತ್ತವೆ. ಡೇಟಿಂಗಿಗೆ (ವಯಸ್ಸು ಅಳೆಯಲು) ಇರುವ ಹಣ ಆರು ಸ್ಯಾಂಪಲಿಗೆ ಮಾತ್ರ ಸಾಕು. ಡೈಕ್‌ಗೆ ಆರ್ಗಾನ್-ಆರ್ಗಾನ್ ಡೇಟಿಂಗ್ ಮಾಡಿಸಿದರೆ ಫಾಲ್ಟಿನ ವಯಸ್ಸು ಸಿಗುತ್ತದೆಯೇ? ಮೂರು ಟ್ಯಾಬ್‌ಗಳ ಡೇಟಾ ಗೊಂದಲವಿಲ್ಲದೆ ಸೇರಿಸುವುದು ಹೇಗೆ? ಬಸಾಲ್ಟ್ ಹತ್ತಿರ ಫೋನಿನ ದಿಕ್ಸೂಚಿ ನಂಬಬಹುದೇ?

ಕಣಿವೆದಾರಿ:

ಮೊದಲು ಡೈಕ್ ವಿಷಯ. ಡೈಕ್ ಅನ್ನು ಫಾಲ್ಟ್ ಕತ್ತರಿಸಿದ್ದರೆ, ಆ ಚಲನೆ ಡೈಕ್‌ಗಿಂತ ಈಚಿನದು ಎಂದಷ್ಟೇ ಗೊತ್ತಾಗುತ್ತದೆ. ಅಲ್ಲಿನ ಬಸಾಲ್ಟ್ ಡೆಕ್ಕನ್ ಜ್ವಾಲಾಮುಖಿ ಕಾಲದ್ದು, ಸುಮಾರು 6.6 ಕೋಟಿ ವರ್ಷದ ಆಸುಪಾಸು. ಅಷ್ಟು ವರ್ಷದಲ್ಲಿ ಎಂದಾದರೂ ಜಾರಿರಬಹುದು ಎಂಬುದರಿಂದ ಭೂಕಂಪದ ಲೆಕ್ಕಕ್ಕೆ ಏನೂ ದಕ್ಕುವುದಿಲ್ಲ. ಡೈಕ್ ಕೆಲವೊಮ್ಮೆ ಹಳೆಯ ಬಿರುಕನ್ನೇ ಹಿಡಿದು ಮೇಲೆ ಬಂದಿರುತ್ತದೆ. ಆಗ ಫಾಲ್ಟೇ ಹಳೆಯದು, ಡೈಕ್ ಹೊಸದು. ಆದ್ದರಿಂದ ನಕ್ಷೆಯಲ್ಲಿ 'ಯಾವುದು ಯಾವುದನ್ನು ಕತ್ತರಿಸಿದೆ' ಎಂಬುದು ಬರೆದಾಗುವ ತನಕ ಯಾವ ಸ್ಯಾಂಪಲನ್ನೂ ತೆಗೆಯಬೇಡಿ. ಸಂಬಂಧ ತಿಳಿಯದ ವಯಸ್ಸು ಬರೀ ಒಂದು ಸಂಖ್ಯೆ.

ನಿಮಗೆ ಬೇಕಾದದ್ದು ಫಾಲ್ಟ್ ಕತ್ತರಿಸಿದ ಅತಿ ಎಳೆಯ ಪದರ, ಮತ್ತು ಅದರ ಮೇಲೆ ಕತ್ತರಿಸದೆ ಹಾಸಿಕೊಂಡ ಅತಿ ಹಳೆಯ ಪದರ. ಚಲನೆ ಈ ಎರಡರ ನಡುವೆ ಆಗಿದೆ. ಉದಾಹರಣೆಗೆ ಕೆಳಗಿನದು 12,000 ± 1,000 ವರ್ಷ, ಮೇಲಿನದು 8,000 ± 700 ಎಂದು ಬಂದರೆ ಕಿಟಕಿ ಅಷ್ಟಕ್ಕೆ ಸಣ್ಣದಾಯಿತು. ಆರು ಸ್ಯಾಂಪಲನ್ನು ಆರು ಕಡೆ ಹರಡುವುದಕ್ಕಿಂತ ಒಳ್ಳೆಯ ಎರಡು ಹಳ್ಳದ ದಂಡೆ ಆರಿಸಿ ಮೂರು ಮೂರು ತೆಗೆಯಿರಿ: ಕತ್ತರಿಸಿದ್ದು, ಕತ್ತರಿಸದೆ ಉಳಿದದ್ದು, ನಡುವೆ ಫಾಲ್ಟಿನ ಬುಡಕ್ಕೆ ಕುಸಿದು ಬಿದ್ದ ತ್ರಿಕೋನಾಕಾರದ ಕಲ್ಲುಮಣ್ಣು. ಒಂದು ವಯಸ್ಸು ಕೆಟ್ಟರೂ ಉಳಿದೆರಡು ಅದನ್ನು ತೋರಿಸಿಕೊಡುತ್ತವೆ.

ಈ ವಯಸ್ಸಿನ ಮರಳಿಗೆ ಓಎಸ್ಎಲ್ ಸರಿ, ಅಂದರೆ ಹರಳು ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಅಳೆಯುವುದು. ಇದ್ದಿಲು ಸಿಕ್ಕರೆ ರೇಡಿಯೊಕಾರ್ಬನ್, ಅದೂ ಸುಮಾರು 50,000 ವರ್ಷದ ಒಳಗೆ ಮಾತ್ರ. ಮಿಲಿಯೊಲೈಟ್‌ನ ಸುಣ್ಣದ ಅಂಟಿಗೆ ರೇಡಿಯೊಕಾರ್ಬನ್ ಮಾಡಿಸಬೇಡಿ. ಹಳೆಯ ಚಿಪ್ಪಿನ ಸುಣ್ಣ, ಆಮೇಲೆ ನೀರಿನಿಂದ ಕೂಡಿಕೊಂಡ ಸುಣ್ಣ ಬೆರೆತು ಎರಡಕ್ಕೂ ಸಲ್ಲದ ವಯಸ್ಸು ಬರುತ್ತದೆ.

ಇನ್ನೊಂದು ಮಾತು. 2001ರ ಜನವರಿ 26ರ ಭೂಕಂಪದಲ್ಲಿ ಅಷ್ಟು ಊರುಗಳು ನೆಲಸಮವಾದರೂ ಮೂಲ ಫಾಲ್ಟ್ ನೆಲದ ಮೇಲಿನವರೆಗೆ ಸೀಳಿ ಬರಲಿಲ್ಲ. 1819ರ ಜೂನ್ 16ರದು ಬೇರೆ ತರಹ: ರಣ್‌ನಲ್ಲಿ ಅಲ್ಲಾ ಬಂಡ್ ಎಂಬ ದಿಬ್ಬವನ್ನೇ ಎತ್ತಿತು. ಹಾಗಾಗಿ ದಂಡೆಯಲ್ಲಿ ಸೀಳು ಕಾಣಲಿಲ್ಲ ಎಂದು 'ಇಲ್ಲಿ ಭೂಕಂಪ ಆಗಿಲ್ಲ' ಎಂದು ಬರೆಯಬೇಡಿ. ನೆಲ ನಡುಗಿದಾಗ ಕೆಳಗಿಂದ ಮೇಲಕ್ಕೆ ಚಿಮ್ಮಿದ ಮರಳಿನ ಗೆರೆಗಳನ್ನೂ ಹುಡುಕಿ, ಅವಕ್ಕೇ ಒಂದು ಲೇಯರ್ ಇಡಿ.

ನಕ್ಷೆಗೆರೆ:

ಟ್ಯಾಬ್ ವಿಷಯಕ್ಕೆ ಬರುತ್ತೇನೆ. ನಕ್ಷೆಯ ಡೇಟಾ ಇರುವ ಒಂದೇ ಜಿಯೊಪ್ಯಾಕೇಜ್ ಫೈಲನ್ನು ಮೂರು ಟ್ಯಾಬ್‌ಗೆ ಕಾಪಿ ಮಾಡಿ ಬಿಟ್ಟರೆ ಮೂರರಲ್ಲೂ ಹೊಸ ಬಿಂದುವಿಗೆ ಒಂದೇ ಕ್ರಮಸಂಖ್ಯೆ ಬೀಳುತ್ತದೆ. ಸಂಜೆ ಸೇರಿಸುವಾಗ ಒಂದರ ಮೇಲೊಂದು ಕೂರುತ್ತದೆ, ಫೋಟೊ ಮತ್ತು ಡಿಪ್ (ಪದರದ ಇಳಿಜಾರು) ಅಳತೆ ಬೇರೆ ಬಿಂದುವಿಗೆ ಅಂಟಿಕೊಳ್ಳುತ್ತವೆ. ಪ್ರತಿ ಲೇಯರಿನಲ್ಲೂ ಯುಯುಐಡಿ (ಎಲ್ಲೂ ಮರುಕಳಿಸದ ಗುರುತು ಸಂಖ್ಯೆ) ಫೀಲ್ಡ್ ಇಟ್ಟು ಡಿಫಾಲ್ಟ್ ಮೌಲ್ಯ ತಾನಾಗಿ ಬೀಳುವಂತೆ ಮಾಡಿ, ಸಂಬಂಧಗಳನ್ನೆಲ್ಲ ಅದರ ಮೇಲೇ ಕಟ್ಟಿ. ಮನುಷ್ಯರು ಓದುವುದಕ್ಕೆ ಕ-001, ಚ-001, ಟ-001 ಎಂದು ಟ್ಯಾಬಿಗೊಂದು ಅಕ್ಷರ ಇರಲಿ. ಚೀಲದ ಮೇಲೂ ಅದೇ ನಂಬರ್.

ಲೇಯರ್ ಐದು ಸಾಕು: ನಿಂತ ಜಾಗ, ಪದರದ ಅಳತೆ, ಶಿಲೆಗಳ ಗಡಿಗೆರೆ, ಫಾಲ್ಟ್ ಗೆರೆ, ಸ್ಯಾಂಪಲ್. ಅದಕ್ಕೆ ಮೇಲಿನವರು ಹೇಳಿದ ಮರಳು ಚಿಮ್ಮಿದ ಗುರುತು. ಬಯಲಲ್ಲಿ ಪಾಲಿಗನ್ (ಮುಚ್ಚಿದ ಆಕಾರ) ಬಿಡಿಸಬೇಡಿ, ಗೆರೆ ಮಾತ್ರ ಎಳೆಯಿರಿ. ಪಾಲಿಗನ್ ಬಿಡಿಸಿದರೆ ಅಕ್ಕಪಕ್ಕದ ಎರಡರ ಅಂಚು ಒಂದಾಗುವುದಿಲ್ಲ, ಸಣ್ಣ ಸೀಳುಗಳು ಉಳಿಯುತ್ತವೆ. ಸ್ನ್ಯಾಪಿಂಗ್ (ಗೆರೆಯ ತುದಿ ಹತ್ತಿರದ ಗೆರೆಗೆ ತಾನಾಗಿ ಅಂಟುವುದು) ಹಾಕಿ ಗೆರೆ ಎಳೆದು ಕೊನೆಗೆ ಕಂಪ್ಯೂಟರಿನ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಒಂದೇ ಸಲ ಪಾಲಿಗನ್ ಮಾಡಿ. ಪ್ರತಿ ಗೆರೆಗೂ 'ಕಂಡದ್ದು, ಅಂದಾಜು, ಮುಚ್ಚಿಹೋದದ್ದು' ಎಂಬ ಆಯ್ಕೆ ಕಡ್ಡಾಯ ಮಾಡಿ. ಇದನ್ನು ಖಾಲಿ ಬಿಡಲು ಬಿಟ್ಟರೆ ತಿಂಗಳಾದ ಮೇಲೆ ಎಲ್ಲ ಗೆರೆಯೂ ಕಂಡದ್ದೇ ಆಗಿಬಿಡುತ್ತದೆ.

ಕಚ್ಛ್ ಬೀಳುವುದು ಯುಟಿಎಂ ಎಂಬ ನಕ್ಷೆ ನಿರ್ದೇಶಾಂಕ ಪದ್ಧತಿಯ 42 ಉತ್ತರ ವಲಯದಲ್ಲಿ, ಸಾಫ್ಟ್‌ವೇರ್‌ನಲ್ಲಿ ಅದರ ಗುರುತು ಇಪಿಎಸ್‌ಜಿ ಸಂಖ್ಯೆ 32642. ನಮ್ಮ ಕರ್ನಾಟಕದ 43ನೇ ವಲಯದ ಪ್ರಾಜೆಕ್ಟನ್ನು ಟೆಂಪ್ಲೇಟ್ ಮಾಡಿಕೊಂಡಿದ್ದರೆ ಬದಲಾಯಿಸಿ. ಹಳೆಯ ಟೋಪೊಶೀಟ್ ಎವರೆಸ್ಟ್ ಡೇಟಮ್‌ನದು, ಅಂದರೆ ಸ್ಥಳ ಲೆಕ್ಕಹಾಕುವ ಆಧಾರವೇ ಬೇರೆ. ಅದನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದುಕೊಂಡು ಕೂರಿಸಿದರೆ ಹತ್ತಾರು ಮೀಟರ್ ಜರುಗುತ್ತದೆ.

1:25,000ದಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದ ಮೇಲೆ 12.5 ಮೀಟರ್. ಟ್ಯಾಬಿನ ಒಳಗಿನ ಜಿಪಿಎಸ್ 3ರಿಂದ 5 ಮೀಟರ್ ಕೊಡುತ್ತದೆ, ನಕ್ಷೆಗೆ ಧಾರಾಳ. ಆದರೆ ಹಳ್ಳದ ದಂಡೆಯಲ್ಲಿ ಪದರ ಎಷ್ಟು ಸರಿದಿದೆ ಎಂದು ಅಳೆಯಲು ಅದು ಆಗದು, ಆರ್‌ಟಿಕೆ (ಸೆಂಟಿಮೀಟರ್ ಮಟ್ಟದ ನಿಖರ ಜಿಪಿಎಸ್) ಬೇಕು. ಆರ್‌ಟಿಕೆ ಅಳತೆಗೆ ದಿನಾಂಕ ಬರೆಯುವುದನ್ನು ಮರೆಯಬೇಡಿ. ಭಾರತದ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಹತ್ತು ವರ್ಷ ಬಿಟ್ಟು ಅದೇ ಗೂಟ ಅಳೆದರೆ ಅರ್ಧ ಮೀಟರ್ ವ್ಯತ್ಯಾಸ ಬರುತ್ತದೆ, ಅದನ್ನು ಫಾಲ್ಟಿನ ಲೆಕ್ಕಕ್ಕೆ ಹಾಕಿಬಿಡುವ ಅಪಾಯ ಇದೆ.

ದಿಕ್ಸೂಚಿ: ಬಸಾಲ್ಟ್‌ನಲ್ಲಿ ಮ್ಯಾಗ್ನೆಟೈಟ್ ಇರುವುದರಿಂದ ಫೋನಷ್ಟೇ ಅಲ್ಲ, ಬ್ರಂಟನ್ ದಿಕ್ಸೂಚಿಯ ಮುಳ್ಳೂ ತಿರುಗುತ್ತದೆ. ಪರೀಕ್ಷೆ ಸುಲಭ. ಒಬ್ಬರು ಡೈಕ್ ಹತ್ತಿರ, ಇನ್ನೊಬ್ಬರು 30 ಮೀಟರ್ ದೂರ ನಿಂತು ಒಬ್ಬರನ್ನೊಬ್ಬರು ನೋಡಿ ದಿಕ್ಕು ಓದಿ. ಎರಡರ ನಡುವೆ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಬರಬೇಕು. 2 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಅಲ್ಲಿ ಸ್ಥಳೀಯ ಸೆಳೆತ ಇದೆ. ಸ್ಟ್ರೈಕ್ (ಪದರ ಹಾಸಿದ ಅಡ್ಡ ಗೆರೆಯ ದಿಕ್ಕು) ಅನ್ನು ದೂರದಿಂದ ನೋಡಿ ಓದಿ. ಟ್ಯಾಬಿನ ಫ್ಲಿಪ್ ಕವರ್‌ನ ಅಂಚಿನಲ್ಲಿ ಪುಟ್ಟ ಆಯಸ್ಕಾಂತಗಳಿರುತ್ತವೆ, ಅದನ್ನು ಕಳಚಿಡಿ. ಮರಳುಗಲ್ಲಿನ ಮೇಲೂ ದಿಕ್ಕು ತಪ್ಪುತ್ತಿದ್ದರೆ ಬಹುಪಾಲು ಕಾರಣ ಅದೇ. ಡಿಪ್ ಕೋನಕ್ಕೆ ಮಾತ್ರ ಫೋನ್ ನಂಬಬಹುದು, ಅದು ಗುರುತ್ವದಿಂದ ಬರುವಂಥದ್ದು. ಸ್ಟ್ರೈಕ್ ಬರೆಯುತ್ತೀರೋ ಡಿಪ್ ದಿಕ್ಕು ಬರೆಯುತ್ತೀರೋ ಮೂವರೂ ಮೊದಲೇ ಒಂದು ತೀರ್ಮಾನಕ್ಕೆ ಬನ್ನಿ. ಬೆರೆತರೆ 90 ಡಿಗ್ರಿ ತಪ್ಪಿದ ಪದರಗಳನ್ನು ನಕ್ಷೆಯಲ್ಲಿ ಮಡಿಕೆ ಎಂದು ಓದಿಬಿಡುತ್ತೀರಿ.

ಪದರಗಲ್ಲು:

ಇಬ್ಬರಿಗೂ ಧನ್ಯವಾದ. ಡೈಕ್ ಕೈಬಿಟ್ಟೆವು. ಈಗ ಒಂದೇ ಅನುಮಾನ: ಫಾಲ್ಟಿನ ಬುಡದ ಕಲ್ಲುಮಣ್ಣಿನಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು ತುಂಬಿವೆ, ನಡುವೆ 20 ಸೆಂಟಿಮೀಟರ್ ಮರಳಿನ ಪಟ್ಟಿ ಇದೆ. ಅಲ್ಲಿ ಓಎಸ್ಎಲ್ ಪೈಪ್ ಹೊಡೆಯಬಹುದೇ?

ಮರಳುಮಾಪಕ:

ಹೊಡೆಯಬಹುದು, ಆದರೆ ಆ ಪಟ್ಟಿಯ ಎರಡು ತೊಂದರೆ ತಿಳಿದುಕೊಂಡು ಹೊಡೆಯಿರಿ. ಒಂದು, ಹರಳಿಗೆ ತಾಗುವ ಗಾಮಾ ವಿಕಿರಣ ಸುತ್ತಲಿನ ಸುಮಾರು 30 ಸೆಂಟಿಮೀಟರ್‌ನಿಂದ ಬರುತ್ತದೆ. ಪಟ್ಟಿ 20 ಎಂದರೆ ಮೇಲಿನ ಕೆಳಗಿನ ಕಲ್ಲುಗಳ ಪಾಲೂ ಸೇರುತ್ತದೆ. ಬರೀ ಮರಳನ್ನು ಅಳೆದರೆ ವಿಕಿರಣ ದರ ತಪ್ಪುತ್ತದೆ. ಮರಳು, ಕಲ್ಲು, ಕಲ್ಲಿನ ನಡುವಿನ ಮಣ್ಣು ಮೂರನ್ನೂ ಬೇರೆ ಬೇರೆ ಚೀಲದಲ್ಲಿ ಅರ್ಧರ್ಧ ಕಿಲೊ ತನ್ನಿ, ಯಾವುದು ಎಷ್ಟು ದೂರ ಎಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಎರಡು, ಗುಡ್ಡದಿಂದ ಒಂದೇ ಏಟಿಗೆ ಕುಸಿದ ಮಣ್ಣಿಗೆ ಬಿಸಿಲು ತಾಗಿರುವುದಿಲ್ಲ. ಹರಳಿನಲ್ಲಿ ಹಳೆಯ ಸಂಕೇತ ಉಳಿದು ವಯಸ್ಸು ಹೆಚ್ಚು ಬರುತ್ತದೆ. ನೀರು ಹರಿದು ಹಾಸಿದ ತೆಳು ಗೆರೆಗಳು ಆ ಪಟ್ಟಿಯಲ್ಲಿ ಕಂಡರೆ ಧೈರ್ಯವಾಗಿ ತೆಗೆಯಿರಿ. ಏನೂ ಗೆರೆ ಇಲ್ಲದ ಕಲಸುಮಣ್ಣಾದರೆ ಲ್ಯಾಬಿಗೆ ಮೊದಲೇ ಹೇಳಿ, ಅವರು ಸಣ್ಣ ಸಣ್ಣ ಅಲಿಕ್ವಾಟ್ (ಹರಳುಗಳ ಪುಟ್ಟ ಪಾಲು) ಹೆಚ್ಚು ಅಳೆದು ಕನಿಷ್ಠ ವಯಸ್ಸಿನ ಮಾದರಿ (ಬಿಸಿಲು ಚೆನ್ನಾಗಿ ಕಂಡ ಹರಳುಗಳಿಂದ ಲೆಕ್ಕ ಹಾಕುವ ಬಗೆ) ಹಾಕುತ್ತಾರೆ.

ತೆಗೆಯುವ ಬಗೆ: ದಂಡೆಯನ್ನು ಕರಣೆಯಿಂದ ಒಂದು ಗೇಣು ಒಳಕ್ಕೆ ಕೆರೆದು ಹಸಿ ಮುಖ ತೆರೆಯಿರಿ. 5 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಕಬ್ಬಿಣದ ಪೈಪ್ ಸಾಕು. ಮಣ್ಣಿಗೆ ಹೋಗುವ ಬಾಯಿಗೆ ಕಪ್ಪು ಪ್ಲಾಸ್ಟಿಕ್ ಉಂಡೆ ತುರುಕಿ ಹೊಡೆಯಿರಿ; ಮರಳು ಒಳಗೆ ಬಂದಂತೆ ಅದು ಹಿಂದಕ್ಕೆ ಸರಿಯುತ್ತದೆ, ಸಡಿಲವಾಗಲು ಬಿಡುವುದಿಲ್ಲ. ಪೂರ್ತಿ ತುಂಬಿದ ಮೇಲೆ ಕಪ್ಪು ಹೊದಿಕೆಯಡಿ ಪೈಪ್ ಎಳೆದು ಎರಡೂ ಬಾಯಿ ಮುಚ್ಚಿ ಟೇಪ್ ಸುತ್ತಿ. ಕಿವಿ ಹತ್ತಿರ ಹಿಡಿದು ಅಲುಗಾಡಿಸಿ. ಜರಜರ ಎಂದರೆ ಒಳಗೆ ಖಾಲಿ ಇದೆ. ಬೆಳಕು ಕಂಡ ತುದಿಯ ಮರಳು ನಡುವಿಗೆ ಬೆರೆಯುತ್ತದೆ, ಆ ಪೈಪ್ ಬಿಟ್ಟು ಇನ್ನೊಂದು ಹೊಡೆಯಿರಿ.

ನೀರಿನಂಶಕ್ಕೆ ಬೇರೆಯಾಗಿ ಗಾಳಿಯಾಡದ ಚೀಲದಲ್ಲಿ ಒಂದು ಹಿಡಿ. ನೀರಿನಂಶ ಶೇಕಡಾ 1 ಹೆಚ್ಚು ಹಾಕಿದರೆ ವಯಸ್ಸೂ ಹೆಚ್ಚುಕಡಿಮೆ ಶೇಕಡಾ 1 ಏರುತ್ತದೆ. ಬೇಸಿಗೆಯಲ್ಲಿ ಒಣಗಿದ ದಂಡೆಯ ಅಂಕಿಯನ್ನೇ ಸಾವಿರಾರು ವರ್ಷಕ್ಕೆ ಹಾಕುವುದು ತಪ್ಪು, ತುಂಬಿದಾಗ ಎಷ್ಟು ನೀರು ಹಿಡಿಯುತ್ತದೆ ಎಂದೂ ಅಳೆಸಿ. ಮೇಲಿನ ನೆಲದಿಂದ ಸ್ಯಾಂಪಲ್ ಎಷ್ಟು ಆಳ ಎಂದು ಸ್ಯಾಂಪಲ್ ಲೇಯರಿನಲ್ಲೇ ಒಂದು ಫೀಲ್ಡ್ ಇರಲಿ, ಆಕಾಶದಿಂದ ಬರುವ ವಿಕಿರಣದ ಲೆಕ್ಕಕ್ಕೆ ಅದು ಬೇಕು. ಎತ್ತರವೂ ಬೇಕು. ಟ್ಯಾಬ್ ತೋರುವುದು ದೀರ್ಘಗೋಳದ (ಜಿಪಿಎಸ್ ಲೆಕ್ಕದ ಭೂಆಕಾರದ) ಎತ್ತರವಾದರೆ ಸಮುದ್ರಮಟ್ಟಕ್ಕೂ ಅದಕ್ಕೂ ಕಚ್ಛಿನಲ್ಲಿ ಹತ್ತಾರು ಮೀಟರ್ ವ್ಯತ್ಯಾಸ ಇದೆ, ಯಾವುದೆಂದು ಬರೆದಿಡಿ.

ಲ್ಯಾಬಿನವರು ಕೊಡುವ ವಯಸ್ಸು ಎಂದರೆ ಹರಳು ಕೂಡಿಸಿಕೊಂಡ ವಿಕಿರಣವನ್ನು ವಾರ್ಷಿಕ ದರದಿಂದ ಭಾಗಿಸಿದ್ದು. 24 ಗ್ರೇ (ವಿಕಿರಣದ ಅಳತೆ) ಕೂಡಿದ್ದು, ಸಾವಿರ ವರ್ಷಕ್ಕೆ 3 ಗ್ರೇ ಎಂದರೆ 8,000 ವರ್ಷ. ಕೂಡಿದ್ದು 150 ಗ್ರೇ ದಾಟಿದರೆ ಕ್ವಾರ್ಟ್ಜ್ ಹರಳು ಇನ್ನು ಹಿಡಿಯಲಾರದಷ್ಟು ತುಂಬುತ್ತಾ ಬಂದಿದೆ ಎಂದರ್ಥ, ಆ ವಯಸ್ಸನ್ನು 'ಇಷ್ಟಕ್ಕಿಂತ ಹಳೆಯದು' ಎಂದೇ ನಕ್ಷೆಗೆ ಹಾಕಿ. ವರದಿಯಲ್ಲಿ ಬರೀ ವಯಸ್ಸು ಕೊಟ್ಟರೆ ಒಪ್ಪಿಕೊಳ್ಳಬೇಡಿ. ಡೋಸ್, ದರ, ನೀರಿನಂಶ, ಎಷ್ಟು ಅಲಿಕ್ವಾಟ್, ಯಾವ ಮಾದರಿ, ಎಲ್ಲ ಕೇಳಿ ಪಡೆದು ಆ ಸ್ಯಾಂಪಲಿನ ಯುಯುಐಡಿ ಎದುರಿಗೇ ತುಂಬಿಸಿ.