ಮೂರು ಗಂಟೆಯ ‘ಅವತಾರ್’, ಹೊರಗಿನ ತಿಂಡಿಗೆ ತಡೆ: ಅಮ್ಮನನ್ನು ಕರೆದೊಯ್ಯಬಹುದೇ?

ಮಲ್ಲೇಶ್ವರದ ಮಗಳು (ಪ್ರಶ್ನೆ, ಜನವರಿ 2023)

ಸಂಕ್ರಾಂತಿಗೆ ಅಮ್ಮ ಊರಿನಿಂದ ಬರುತ್ತಿದ್ದಾರೆ. 2009ರಲ್ಲಿ ಬಂದ ಮೊದಲ ‘ಅವತಾರ್’ ಚಿತ್ರವನ್ನು ಅಪ್ಪನ ಜೊತೆ ನೋಡಿದ್ದ ಅವರಿಗೆ, ಈಗ ನಡೆಯುತ್ತಿರುವ ಎರಡನೆಯ ಭಾಗವನ್ನೂ ದೊಡ್ಡ ಪರದೆಯ ಮೇಲೆಯೇ ನೋಡುವ ಆಸೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು. ಎರಡು ವರ್ಷದ ಮಗನೂ ಜೊತೆಗಿರುತ್ತಾನೆ. ಚಿತ್ರದ ಅವಧಿ 192 ನಿಮಿಷ. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಎಂದು ಇದೇ 3ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿರುವುದರಿಂದ ಗೊಂದಲವಾಗಿದೆ. ಮಲ್ಟಿಪ್ಲೆಕ್ಸ್‌ಗೆ ಹೋಗಬೇಕೋ, ಒಂಟಿ ಪರದೆಯ ಚಿತ್ರಮಂದಿರವೇ ವಾಸಿಯೋ? ಚಪಾತಿಯ ಡಬ್ಬಿ ಒಯ್ದರೆ ಬಿಡುತ್ತಾರೆಯೇ? ಹೋಗಿ ಬಂದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಬಸವನಗುಡಿ ಓದುಗ

ನಾವು ನಾಲ್ವರು ಕ್ರಿಸ್‌ಮಸ್ ರಜೆಯಲ್ಲಿ ಹೋಗಿ ಬಂದೆವು. ಯಾವ ಮಲ್ಟಿಪ್ಲೆಕ್ಸ್ ಎಂಬುದು ಬೇಡ. ಖರ್ಚಿನ ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದೇನೆ, ಓದಿ ನೀವೇ ತೀರ್ಮಾನಿಸಿ. ಟಿಕೆಟ್ ತಲಾ 420ರಂತೆ 1,680 ರೂಪಾಯಿ. ಆ್ಯಪ್ ಮೂಲಕ ಕಾಯ್ದಿರಿಸಿದ್ದಕ್ಕೆ ಸೇವಾಶುಲ್ಕ 165. ಮನೆಯಲ್ಲಿ ಕುಳಿತು ಆಸನ ಆರಿಸಿದವನು ನಾನು, ಹಣ ಕಟ್ಟಿದವನು ನಾನು, ಬಾಗಿಲಲ್ಲಿ ತೋರಿಸಿದ ಮೊಬೈಲ್ ನನ್ನದು; ಹೀಗಿರುವಾಗ ಅವರು ನನಗೆ ಮಾಡಿದ ಸೇವೆ ಯಾವುದೆಂದು ಇಂದಿಗೂ ತಿಳಿದಿಲ್ಲ. ತ್ರೀಡಿ ಕನ್ನಡಕಕ್ಕೆ ತಲಾ 30ರಂತೆ 120. ವಾಹನ ನಿಲುಗಡೆಗೆ 120. ಮಧ್ಯಂತರದಲ್ಲಿ ಮಕ್ಕಳು ಹಟ ಹಿಡಿದದ್ದರಿಂದ 480ರ ಪಾಪ್‌ಕಾರ್ನ್ ಡಬ್ಬ ಎರಡು, ನಮಗೆ ಕಾಫಿ 190ರಂತೆ ಎರಡು. ಒಟ್ಟು 3,425 ರೂಪಾಯಿ. ಸಂಸಾರಸ್ಥನೊಬ್ಬ ಇಷ್ಟು ಕಳೆದುಕೊಂಡು ಬಂದ ವಾರದೊಳಗೇ, ಪಾಪ್‌ಕಾರ್ನ್ ಕೊಳ್ಳುವಂತೆ ಯಾರೂ ಬಲವಂತ ಮಾಡುತ್ತಿಲ್ಲ ಎಂಬ ಮಾತು ನ್ಯಾಯಪೀಠದಿಂದ ಬಂದರೆ ಅದನ್ನು ಯಾವ ಮುಖದಿಂದ ಕೇಳಿಸಿಕೊಳ್ಳುವುದು?

ಚಿತ್ರದ ಬಗ್ಗೆ ಹೇಳುವುದಾದರೆ, ಸಮುದ್ರದ ದೃಶ್ಯಗಳು ಸೊಗಸಾಗಿವೆ. ಕಥೆ ಮೊದಲ ಭಾಗದ್ದೇ, ಕಾಡಿನ ಬದಲು ಕಡಲು ಬಂದಿದೆ, ಅಷ್ಟೆ.

ದಾವಣಗೆರೆ ಕ್ಯಾಂಟೀನ್

ಈ ತೀರ್ಪನ್ನು ಸ್ವಾಗತಿಸುವವರು ಇಲ್ಲಿ ಯಾರೂ ಇರಲಾರರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ತಂದೆ ಊರಿನ ಟಾಕೀಸೊಂದರ ಕ್ಯಾಂಟೀನನ್ನು ವರ್ಷದ ಗುತ್ತಿಗೆಗೆ ಹಿಡಿದು ನಡೆಸಿದವರು. ಗುತ್ತಿಗೆಯ ಹಣವನ್ನು ಯುಗಾದಿಗೆ ಮುಂಚೆಯೇ ಕಟ್ಟಬೇಕಿತ್ತು. ಚಿತ್ರ ಓಡಿದರೂ ಅಷ್ಟೇ, ತೋಪಾದರೂ ಅಷ್ಟೇ. ಗೇಟಿನ ಎದುರಿಗೇ ಮಂಡಕ್ಕಿ, ಮಿರ್ಚಿಯ ಗಾಡಿಗಳು ನಿಲ್ಲುತ್ತಿದ್ದವು. ಜನ ಅಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಒಳಗೆ ಬರುತ್ತಿದ್ದರು, ನಮ್ಮ ಟೀ ಮಾತ್ರ ಕುಡಿಯುತ್ತಿದ್ದರು. ಮ್ಯಾಟಿನಿ ಬಿಟ್ಟು ಫಸ್ಟ್ ಶೋ ಶುರುವಾಗುವುದರೊಳಗೆ ಆಸನದ ಕೆಳಗಿನ ಮಂಡಕ್ಕಿಯನ್ನು ಗುಡಿಸಿದವರು ನಾನು ಮತ್ತು ನನ್ನ ತಮ್ಮ. ಮಿರ್ಚಿಯ ಎಣ್ಣೆಯನ್ನು ರೆಕ್ಸಿನ್ ಸೀಟಿಗೆ ಒರೆಸಿ ಹೋದರೆ ಅದು ಸೋಪಿನ ನೀರಿಗೂ ಬಿಡುವುದಿಲ್ಲ. ಮರುದಿನ ಬಿಳಿ ಪಂಚೆಯುಟ್ಟು ಬಂದವರು ಬಂದು ಜಗಳ ತೆಗೆಯುತ್ತಿದ್ದದ್ದು ನಮ್ಮ ಮೇಲೆ. ವಿಚಾರಣೆಯ ವೇಳೆ ಮುಖ್ಯ ನ್ಯಾಯಮೂರ್ತಿಗಳು, ಜಿಲೇಬಿ ತಿಂದು ಅಂಟು ಬೆರಳನ್ನು ಆಸನಕ್ಕೆ ಒರೆಸಿದರೆ ತೊಳೆಯುವ ಖರ್ಚು ಯಾರದು ಎಂದು ಕೇಳಿದ್ದನ್ನು ಓದಿ ಎಲ್ಲರೂ ನಗುತ್ತಿದ್ದಾರೆ. ನಾನು ನಗಲಿಲ್ಲ.

ಬಸವನಗುಡಿಯವರ ಲೆಕ್ಕಕ್ಕೆ ನನ್ನದೊಂದು ಲೆಕ್ಕವನ್ನೂ ಸೇರಿಸುತ್ತೇನೆ. ನೂರು ರೂಪಾಯಿ ದಾಟಿದ ಟಿಕೆಟ್ಟಿಗೆ ಜಿಎಸ್‌ಟಿ ಶೇ. 18. ನೀವು ಕೊಟ್ಟ 420ರಲ್ಲಿ ಸುಮಾರು 64 ರೂಪಾಯಿ ಅಲ್ಲಿಗೇ ಹೋಯಿತು. ಉಳಿದ 356ರಲ್ಲಿ ಮೊದಲ ವಾರ ಹೆಚ್ಚುಕಡಿಮೆ ಅರ್ಧ ವಿತರಕರದು. ಮಾಲೀಕರ ಕೈಗೆ ಬರುವ ಸುಮಾರು 178 ರೂಪಾಯಿಯಲ್ಲಿ ಬಾಡಿಗೆ, ವಿದ್ಯುತ್ತು, ಎ.ಸಿ., ಸಂಬಳ ಎಲ್ಲವೂ ನಡೆಯಬೇಕು. ಚಿತ್ರಮಂದಿರ ಬದುಕುವುದು ಕ್ಯಾಂಟೀನಿನಿಂದಲೇ. ನಮ್ಮ ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ.

ತುಮಕೂರಿನ ಮಲ್ಲಿಗೆ

ದಾವಣಗೆರೆಯವರೇ, ನಿಮ್ಮ ಸೀಟಿನ ರೆಕ್ಸಿನ್‌ಗಿಂತ ಮನುಷ್ಯರ ಜೀವ ದೊಡ್ಡದು ಎಂಬ ಮಾತನ್ನು ಮೊದಲು ಹೇಳಿ ನನ್ನ ಅನುಭವಕ್ಕೆ ಬರುತ್ತೇನೆ. ನಾನು ಇನ್ಸುಲಿನ್ ಚುಚ್ಚಿಕೊಳ್ಳುವವಳು. ಎರಡೂವರೆಯ ಆಟಕ್ಕೆ ಹೋಗುವುದಿತ್ತಾದ್ದರಿಂದ ಮಧ್ಯಾಹ್ನದ ಊಟ ಅರ್ಧ ಮಾಡಿ, ಮಧ್ಯಂತರಕ್ಕೆಂದು ಎರಡು ಮೆಂತ್ಯದ ಚಪಾತಿಯನ್ನು ಪಲ್ಯದೊಂದಿಗೆ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಡಬ್ಬಿಯನ್ನು ಎತ್ತಿ, ಮುಚ್ಚಳ ತೆಗೆದು ಮೂಸಿ ನೋಡಿ, ಪಕ್ಕದ ಕಬ್ಬಿಣದ ಗೂಡಿನಲ್ಲಿಟ್ಟು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೊಟ್ಟಳು. ಆ ಗೂಡಿನಲ್ಲಿ ಆಗಲೇ ಒಂದು ಚಕ್ಕುಲಿಯ ಪೊಟ್ಟಣ, ಎರಡು ನೀರಿನ ಬಾಟಲಿ, ಯಾರದೋ ಮಗುವಿನ ರಾಗಿಸರಿಯ ಫ್ಲಾಸ್ಕ್ ಕುಳಿತಿದ್ದವು. ವೈದ್ಯರ ಚೀಟಿ ತೋರಿಸಿದರೆ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು. ಅವರಿಗೆ ಊಟದ ಹೊತ್ತು ಇದೆ ಎಂದಾಯಿತು.

ಚಿತ್ರ 192 ನಿಮಿಷ. ಮೊದಲಿನ ಜಾಹೀರಾತು, ನಡುವಿನ ಬಿಡುವು ಸೇರಿದರೆ ಒಳಗಿರುವುದು ಮೂರೂಮುಕ್ಕಾಲು ಗಂಟೆ. ಮಧ್ಯಂತರದಲ್ಲಿ ಕೌಂಟರಿನ ಸಾಲು ಮುಂದಕ್ಕೆ ಸರಿಯಲೇ ಇಲ್ಲ. ನನ್ನ ಸರದಿ ಬರುವುದರೊಳಗೆ ದೀಪ ಆರಿತು. ಪರದೆಯ ಮೇಲೆ ಬೇಟೆಗಾರರು ತಿಮಿಂಗಿಲದಂಥ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಿ ಕೊಂದು, ಮನುಷ್ಯರ ಮುಪ್ಪನ್ನು ತಡೆಯುವ ದ್ರವಕ್ಕಾಗಿ ಅದರ ಮಿದುಳಿಗೆ ಕೊಳವೆ ಇಳಿಸುವ ಹೊತ್ತಿಗೆ ಮೈಯಲ್ಲಿನ ಸಕ್ಕರೆ ಇಳಿದು ನನ್ನ ಕೈ ನಡುಗುತ್ತಿತ್ತು, ಬೆವರಿಗೆ ಕನ್ನಡಕದ ಗಾಜು ಮಬ್ಬಾಗಿತ್ತು. ಯಜಮಾನರು ಕತ್ತಲಲ್ಲಿ ಹನ್ನೆರಡು ಜನರ ಮೊಣಕಾಲು ದಾಟಿಕೊಂಡು ಹೋಗಿ ಕೋಲಾ ತಂದರು, 230 ರೂಪಾಯಿ. ಅದನ್ನು ಕುಡಿದು ಸುಧಾರಿಸಿಕೊಂಡು ಕಣ್ಣು ಬಿಟ್ಟರೆ ಪರದೆಯ ಮೇಲೆ ನಾಯಕನ ಹಿರಿಯ ಮಗ ಸತ್ತು ಎಲ್ಲರೂ ಅಳುತ್ತಿದ್ದರು. ಯಾಕೆ ಸತ್ತನೆಂದು ಮನೆಗೆ ಬಂದ ಮೇಲೆ ಕೇಳಿ ತಿಳಿಯಬೇಕಾಯಿತು.

ಮೊದಲ ಸಾಲು

ಇನ್ನೂ ನೋಡದವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಯಾರು ಸಾಯುತ್ತಾರೆಂದು ಬರೆದಿರುವ ಮಲ್ಲಿಗೆಯವರಿಗೆ ನನ್ನ ತೀವ್ರ ಆಕ್ಷೇಪಣೆ ಇದೆ. ನಿಮ್ಮ ಆರೋಗ್ಯದ ಬಗ್ಗೆ ಸಹಾನುಭೂತಿ ಇದ್ದರೂ ಇದು ಕ್ಷಮಾರ್ಹವಲ್ಲ.

ಕೇಳಿದವರಿಗೆ ಹೇಳುವುದಿಷ್ಟೇ: ಈ ಚಿತ್ರವನ್ನು ತ್ರೀಡಿಯಲ್ಲಿ, ಸಾಧ್ಯವಾದರೆ ಭಾರೀ ಪರದೆಯ ಐಮ್ಯಾಕ್ಸ್‌ನಲ್ಲಿ, ಅದೂ ಕೆಲವು ದೃಶ್ಯಗಳು ಸೆಕೆಂಡಿಗೆ 48 ಚೌಕಟ್ಟುಗಳ (ಫ್ರೇಮ್‌ಗಳ) ವೇಗದಲ್ಲಿ ಓಡುವ ಕಡೆಯಲ್ಲೇ ನೋಡಬೇಕು. ಮಾಮೂಲು 24ಕ್ಕೆ ಒಗ್ಗಿದ ಕಣ್ಣಿಗೆ ನೀರಿನೊಳಗಿನ ಚಲನೆ ಮೊದಲು ವಿಚಿತ್ರವಾಗಿ ಕಂಡರೂ ಹತ್ತು ನಿಮಿಷದಲ್ಲಿ ನೀವೇ ಮುಳುಗಿ ಹೋಗಿರುತ್ತೀರಿ. ಹೋದ ಸೆಪ್ಟೆಂಬರ್ 23ರಂದು, ಸಿನಿಮಾ ದಿನವೆಂದು 75 ರೂಪಾಯಿಗೆ ಟಿಕೆಟ್ ಕೊಟ್ಟ ದಿನವೇ, ಹಳೆಯ ‘ಅವತಾರ್’ ಮರುಬಿಡುಗಡೆಯಾಗಿತ್ತು. ಆ ದಿನ ನಾನು ಮುಂದಿನ ಸಾಲಿನಲ್ಲಿ ಕುಳಿತು ನೋಡಿ, ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಹೊರಗಿನ ಕಾಫಿ ಬಿಟ್ಟು ಹಣ ಕೂಡಿಟ್ಟವನು. ನನ್ನ ಟಿಕೆಟ್ಟಿಗೆ 900 ರೂಪಾಯಿ ಆಯಿತು. ಒಂದು ಪೈಸೆಯೂ ದಂಡವಾಗಲಿಲ್ಲ. ಏನನ್ನೂ ತಿನ್ನಲೂ ಇಲ್ಲ. ಎರಡು ವರ್ಷದ ಮಗುವನ್ನು ಮಾತ್ರ ದಯವಿಟ್ಟು ತರಬೇಡಿ. ಅದಕ್ಕೆ ಕನ್ನಡಕ ನಿಲ್ಲುವುದಿಲ್ಲ, ನಮಗೆ ಚಿತ್ರ ಕೇಳಿಸುವುದಿಲ್ಲ.

ತುಮಕೂರಿನ ಮಲ್ಲಿಗೆ

ಚಿತ್ರ ಬಿಡುಗಡೆಯಾಗಿ ತಿಂಗಳಾಗುತ್ತಾ ಬಂತು. ನನ್ನ ಪ್ರಾಣ ಹೋಗುವುದರಲ್ಲಿತ್ತು ಎಂದು ಬರೆದರೆ, ಚಿತ್ರದಲ್ಲಿ ಯಾರ ಪ್ರಾಣ ಹೋಯಿತೆಂದು ಹೇಳಿದ್ದೇ ಅಪರಾಧವಾಯಿತು. ಮಕ್ಕಳನ್ನು ಕರೆತರಬೇಡಿ ಎನ್ನುವವರು ಮಕ್ಕಳಿರುವ ಸಂಸಾರದ ಕಥೆಗೆ 900 ರೂಪಾಯಿ ಕೊಟ್ಟಿದ್ದಾರಲ್ಲ!

ಕಪ್ಪುಕೋಟು

ತೀರ್ಪನ್ನು ಓದದೆಯೇ ಬೈಯುವುದೂ ಹೊಗಳುವುದೂ ನಡೆದಿರುವುದರಿಂದ ಕೆಲವು ಮಾತು. ಈ ಮೊಕದ್ದಮೆ ಹುಟ್ಟಿದ್ದು ಜಮ್ಮುವಿನಲ್ಲಿ. ಅಲ್ಲಿನ ಚಿತ್ರಮಂದಿರಗಳಿಗೆ ಅನ್ವಯಿಸುವ 1975ರ ನಿಯಮಗಳಲ್ಲಿ ಸ್ವಂತ ತಿಂಡಿ ಒಯ್ಯುವುದಕ್ಕೆ ನಿಷೇಧವೇನೂ ಇಲ್ಲವೆಂಬ ಕಾರಣ ಕೊಟ್ಟು, 2018ರಲ್ಲಿ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಪ್ರೇಕ್ಷಕರ ತಿಂಡಿಯನ್ನು ತಡೆಯಕೂಡದೆಂದು ಆದೇಶಿಸಿತ್ತು. ಮಾಲೀಕರ ಮೇಲ್ಮನವಿಯ ಮೇಲೆ, ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಪಿ.ಎಸ್. ನರಸಿಂಹ ಅವರ ಪೀಠ ಆ ಆದೇಶವನ್ನು ರದ್ದುಪಡಿಸಿದೆ. ಚಿತ್ರಮಂದಿರ ಖಾಸಗಿ ಆಸ್ತಿ, ಪ್ರವೇಶದ ಷರತ್ತುಗಳನ್ನು ಮಾಲೀಕರು ವಿಧಿಸಬಹುದು, ಒಳಗೆ ಮಾರುವುದನ್ನು ಕೊಳ್ಳುವುದೂ ಬಿಡುವುದೂ ಪ್ರೇಕ್ಷಕರ ಇಷ್ಟ ಎಂಬುದು ತರ್ಕ. ಶುದ್ಧವಾದ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು, ಹೆತ್ತವರೊಂದಿಗೆ ಬರುವ ಶಿಶುವಿಗೆ ಬೇಕಾದಷ್ಟು ಆಹಾರಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳಿದೆ. ಆದ್ದರಿಂದ ನಿಮ್ಮ ಮಗನ ರಾಗಿಸರಿಯನ್ನು ಧೈರ್ಯವಾಗಿ ಒಯ್ಯಿರಿ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ತಡೆಯುವ ಹಕ್ಕು ಇದೆ ಎಂದಿದ್ದಾರೆಯೇ ಹೊರತು ತಡೆಯಲೇಬೇಕು ಎಂದಿಲ್ಲ. ಬಿಡುವುದು ಮಾಲೀಕರ ಇಷ್ಟ. ಹಾಗಾಗಿ ಕೇಳುವುದರಲ್ಲಿ ಅರ್ಥವಿದೆ, ಬಾಗಿಲಲ್ಲಿ ನಿಂತು ಕೇಳುವುದರಲ್ಲಿ ಮಾತ್ರ ಇಲ್ಲ.

ಬಸವನಗುಡಿ ಓದುಗ

ವಕೀಲರೇ, ಹೊರಗೆ 20 ರೂಪಾಯಿಯ ನೀರಿನ ಬಾಟಲಿಯನ್ನು ಒಳಗೆ 60ಕ್ಕೆ ಮಾರುವುದೂ ಖಾಸಗಿ ಆಸ್ತಿಯ ಹಕ್ಕೇ? ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಅಪರಾಧವೆಂದು ಶಾಲೆಯ ಮಕ್ಕಳಿಗೂ ಗೊತ್ತು.

ಕಪ್ಪುಕೋಟು

ಶಾಲೆಯ ಮಕ್ಕಳಿಗೆ ಗೊತ್ತಿರುವುದು ಪೂರ್ತಿ ನಿಜವಲ್ಲ. ಹೋಟೆಲು, ರೆಸ್ಟೋರೆಂಟುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದರೆ ತಪ್ಪಲ್ಲವೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕುಳಿತು ತಿನ್ನುವ ಸೌಕರ್ಯವೂ ಆ ಬೆಲೆಯಲ್ಲಿ ಸೇರಿದೆ ಎಂಬುದು ಅಲ್ಲಿನ ತರ್ಕ. ಒಂದೇ ಬಗೆಯ ಪೊಟ್ಟಣಕ್ಕೆ ಎರಡು ಎಂಆರ್‌ಪಿ ಮುದ್ರಿಸುವುದನ್ನು ತಡೆಯುವ ನಿಯಮ 2018ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮ ಬಾಟಲಿಯ ಮೇಲೆ ಮುದ್ರಿತವಾದ ಬೆಲೆ ಎಷ್ಟಿತ್ತು ಎಂಬುದನ್ನು ನೋಡದೆ ನಾನು ಏನನ್ನೂ ಹೇಳಲಾರೆ.

ಬಸವನಗುಡಿ ಓದುಗ

ಬಾಟಲಿಯನ್ನು ಎಸೆದಾಗಿದೆ. ಆದರೆ 2017ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕುವುದಾಗಿ ಹೇಳಿ, ಅದು ನ್ಯಾಯಾಲಯದ ಮೆಟ್ಟಿಲೇರಿ, ಇಂದು ನಾನು 420 ಕೊಟ್ಟಿದ್ದೇನೆ. ನ್ಯಾಯಾಲಯದ ದಾರಿ ನಮ್ಮಂಥವರಿಗೆ ಎಲ್ಲಿಗೆ ಮುಟ್ಟುತ್ತದೆಂದು ಇಷ್ಟರಲ್ಲೇ ತಿಳಿಯುತ್ತದೆ.

ಹುಬ್ಬಳ್ಳಿಯ ಅಂಗಳ

ಯಾರೂ ಭಾಷೆಯ ಮಾತು ಎತ್ತಿಲ್ಲ. ಈ ಚಿತ್ರ ಕನ್ನಡದಲ್ಲೂ ಬಂದಿದೆ. ನನ್ನ ತಾಯಿಗೆ ಮೊದಲನೆಯದನ್ನು ಇಂಗ್ಲಿಷಿನಲ್ಲಿ ತೋರಿಸುವಾಗ ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಕಥೆ ಹೇಳಿ, ಹಿಂದಿನವರಿಂದ ಬೈಸಿಕೊಂಡಿದ್ದೆ. ಈ ಸಲ ಅವರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುತ್ತಿದ್ದ ಚಲನಚಿತ್ರ ವಾಣಿಜ್ಯ ಮಂಡಳಿಯವರಿಗೆ ದಂಡ ಹಾಕದಿದ್ದರೆ ಇದು ಆಗುತ್ತಲೇ ಇರಲಿಲ್ಲ; ಆ ಆದೇಶವನ್ನೂ ಆಗ ಕನ್ನಡದ್ರೋಹವೆಂದೇ ಕರೆದಿದ್ದರು. ಈಗ ಆಟಗಳು ಕಡಿಮೆಯಾಗಿವೆ, ಬೆಳಗಿನ ಹೊತ್ತು ಹುಡುಕಿ.

ಮೊದಲ ಸಾಲು

ಡಬ್ಬಿಂಗ್‌ನಲ್ಲಿ ಆ ಪಾತ್ರಗಳು ಪುರಾಣ ಧಾರಾವಾಹಿಯವರಂತೆ ಮಾತನಾಡುತ್ತವೆ. ಮೂಲ ಧ್ವನಿಯಲ್ಲಿ ಕೇಳಲಾಗದಿದ್ದರೆ ನೋಡದಿರುವುದೇ ಮೇಲು.

ಹುಬ್ಬಳ್ಳಿಯ ಅಂಗಳ

ನೋಡಬೇಡವೆಂದು ನನ್ನ ತಾಯಿಗೆ ಹೇಳುವ ಅಧಿಕಾರ ನಿಮಗೆ 900 ರೂಪಾಯಿಯ ಟಿಕೆಟ್ಟಿನೊಂದಿಗೇ ಬಂದಿತೋ, ಪ್ರತ್ಯೇಕವಾಗಿ ಕೊಂಡಿರೋ?

ದಾವಣಗೆರೆ ಕ್ಯಾಂಟೀನ್

ಜಗಳ ಸಾಕು. ಮಲ್ಲಿಗೆ ತಾಯಿಯವರು ನನ್ನನ್ನು ಕಟುಕನಂತೆ ಕಂಡಿದ್ದಾರೆ. ನಮ್ಮ ತಂದೆ ಎಂದೂ ರೋಗಿಗಳ ಡಬ್ಬಿಗೆ ಕೈ ಹಾಕಿದವರಲ್ಲ. ಬಾಣಂತಿಯರಿಗೆ ಬಿಸಿನೀರನ್ನೂ ಕೊಡುತ್ತಿದ್ದರು, ಹಣ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹೇಳಿದ್ದು ಮಿರ್ಚಿಯ ಮಾತು.

ತುಮಕೂರಿನ ಮಲ್ಲಿಗೆ

ನಿಮ್ಮ ತಂದೆಯವರು ಕೊಡುತ್ತಿದ್ದರು ಎಂಬುದೇ ನನ್ನ ವಾದ. ಆ ಬಾಗಿಲಲ್ಲಿ ನಿಂತಿದ್ದವರಿಗೆ ಕಣ್ಣಿತ್ತು, ಮಿರ್ಚಿಗೂ ಚಪಾತಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಈಗ ಬಾಗಿಲಲ್ಲಿರುವ ಹುಡುಗಿಗೆ ಆ ಅಧಿಕಾರವಿಲ್ಲ, ಅಧಿಕಾರವಿರುವವರು ಬಾಗಿಲಲ್ಲಿಲ್ಲ. ಬೇಕಾದರೆ ಕೊಳ್ಳಿ, ಬೇಡವಾದರೆ ಬಿಡಿ ಎಂಬ ಮಾತು ಆರೋಗ್ಯವಂತರಿಗೆ ಸರಿ. ಹೊತ್ತಿಗೆ ತಿನ್ನದಿದ್ದರೆ ಬೀಳುವವರಿಗೆ ಬಿಡುವ ಆಯ್ಕೆಯೇ ಇರುವುದಿಲ್ಲ. ಮಲ್ಲೇಶ್ವರದವರೇ, ಅಮ್ಮನ ಚೀಲದಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವನ್ನು ಔಷಧಿಯ ಜೊತೆಗಿಡಿ. ಆಸನ ಮಾತ್ರ ಸಾಲಿನ ತುದಿಯದೇ ಇರಲಿ.

ಮಲ್ಲೇಶ್ವರದ ಮಗಳು

ಎಲ್ಲರಿಗೂ ಧನ್ಯವಾದ, ಕಥೆಯ ಕೊನೆ ತಿಳಿಸಿದವರಿಗೂ. ವಕೀಲರು ಹೇಳಿದಂತೆ ಮುಂಚಿತವಾಗಿಯೇ ಚಿತ್ರಮಂದಿರಕ್ಕೆ ಫೋನ್ ಮಾಡಿ ಕೇಳಿದೆ. ವೈದ್ಯರ ಚೀಟಿಯ ಪ್ರತಿ ತಂದರೆ ಚಿಕ್ಕ ಡಬ್ಬಿಯೊಂದನ್ನು ಬಿಡುತ್ತೇವೆ, ಆದರೆ ಸಭಾಂಗಣದೊಳಗೆ ತಿನ್ನುವಂತಿಲ್ಲ, ಹೊರಗಿನ ಬೆಂಚಿನಲ್ಲಿ ಕುಳಿತು ತಿನ್ನಬೇಕು ಎಂದರು. ಹೇಳಿದವರ ಹೆಸರನ್ನು ಬರೆದುಕೊಂಡಿದ್ದೇನೆ. ಮಗನನ್ನು ಅತ್ತೆಯವರ ಬಳಿ ಬಿಟ್ಟು, ಭಾನುವಾರ ಬೆಳಗಿನ ಕನ್ನಡದ ಆಟಕ್ಕೆ ತುದಿಯ ಎರಡು ಆಸನಗಳನ್ನು ಕಾಯ್ದಿರಿಸಿದ್ದೇನೆ.

ಬಸವನಗುಡಿ ಓದುಗ

ಒಳ್ಳೆಯದಾಯಿತು. ಆ್ಯಪ್‌ನಲ್ಲಿ ಕಾಯ್ದಿರಿಸಿದಿರೋ, ಕೌಂಟರಿನಲ್ಲೋ? ಸೇವಾಶುಲ್ಕ ಎಷ್ಟು ಹಿಡಿದರು?