ವಿಂಡೋಸ್ 11 ಹಾಕುವುದು ಹೇಗೆ? ಇದ್ದದ್ದರ ಮೇಲೆಯೇ ಹಾಕುವುದಾ, ಫಾರ್ಮ್ಯಾಟ್ ಮಾಡುವುದಾ?

ಬ್ರಹ್ಮಾವರದಿಂದ ಪ್ರಶ್ನೆ:
ನಮ್ಮದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿ. ಕಂಪ್ಯೂಟರ್ 2018ರದ್ದು, ಐ3 ಎಂಟನೇ ಜನರೇಶನ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಾನು ಮಾತ್ರ ನಾಳೆ ನಾಳೆ ಅಂತ ದೂಡುತ್ತಿದ್ದೇನೆ. ಒಳಗೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ರಾಶಿ ಫೈಲ್ ಉಂಟು, ಡಿ ಡ್ರೈವಿನಲ್ಲಿ ಅಪ್ಪನ ಯಕ್ಷಗಾನ ರೆಕಾರ್ಡಿಂಗ್. 11ಕ್ಕೆ ನೋಡಿದರೆ ಈ ಪಿಸಿಗೆ ಆಗುವುದಿಲ್ಲ ಅಂತ ತೋರಿಸುತ್ತದೆ. ರಿಪೇರಿಯವರು ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ. ಮನೆಯಲ್ಲಿ ಆರನೇ ಜನರೇಶನ್ನಿನ ಲ್ಯಾಪ್‌ಟಾಪ್ ಬೇರೆ ಇದೆ. ಮಾಡಿ ನೋಡಿದವರು ಹೇಳಿ.

ಸುರತ್ಕಲ್‌ನಿಂದ:
ಫಾರ್ಮ್ಯಾಟ್ ಬೇಡ ಅಕ್ಕ. ನನ್ನದೂ ಎಂಟನೇ ಜನರೇಶನ್, ನನಗೂ ಇದೇ ಮೆಸೇಜ್ ಬಂದಿತ್ತು. ನೋಡಿದರೆ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ತೆರೆಯುವ ಸೆಟ್ಟಿಂಗ್) ಟಿಪಿಎಂ (11 ಕೇಳುವ ಭದ್ರತಾ ಚಿಪ್) ಆಫ್ ಆಗಿತ್ತು, ಅಷ್ಟೆ. ಇಂಟೆಲ್ ಬೋರ್ಡುಗಳಲ್ಲಿ ಅದು ಪಿಟಿಟಿ ಅನ್ನುವ ಹೆಸರಲ್ಲಿ ಅಡಗಿರುತ್ತದೆ, ಟಿಪಿಎಂ ಅಂತ ಹುಡುಕಿದರೆ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು, ಕಂಪ್ಯೂಟರ್ ಏಳುವ ಕ್ರಮ ಹಳೆ ಲೆಗಸಿ ಮೋಡ್‌ನಲ್ಲಿ ಇದ್ದರೆ ಹೊಸ ಕ್ರಮವಾದ ಯುಇಎಫ್‌ಐಗೆ ಬದಲಿಸಬೇಕು. ನಾನು ಸುಮ್ನೆ ಬದಲಿಸಿಬಿಟ್ಟೆ, ಕಂಪ್ಯೂಟರ್ ಆನ್ ಆದರೂ ವಿಂಡೋಸ್ ಏಳಲೇ ಇಲ್ಲ, ಅರ್ಧ ದಿನ ಬೆವರು ಇಳಿಯಿತು ಮಾರಾಯ್ರೆ. ವಾಪಸ್ ಲೆಗಸಿಗೆ ಇಟ್ಟು, ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಹಳೆ ಎಂಬಿಆರ್ ಮಾದರಿಯಿಂದ ಹೊಸ ಜಿಪಿಟಿಗೆ ಬದಲಿಸಿ (ಅದರ ಟೂಲ್ ವಿಂಡೋಸ್ 10ರಲ್ಲೇ ಇದೆ), ಆಮೇಲೆ ಯುಇಎಫ್‌ಐ ಮಾಡಿದ್ದು. ಫೈಲ್ ಒಂದೂ ಹೋಗಲಿಲ್ಲ.

ಇಷ್ಟಾದ ಮೇಲೆ ಅಪ್‌ಡೇಟ್‌ನಲ್ಲೇ 11 ಬಂದರೆ ಅದೇ ಸುಲಭ. ನಮ್ಮಲ್ಲಿ ನೆಟ್ ಬಂದು ಹೋಗಿ ಮಾಡುತ್ತದೆ, ಹಾಗಾಗಿ ನಾನು ಮೈಕ್ರೋಸಾಫ್ಟ್ ಸೈಟಿನಿಂದ ಐಎಸ್‌ಒ ಫೈಲ್ (ಇಡೀ 11 ಒಂದೇ ಫೈಲಿನಲ್ಲಿ) ಇಳಿಸಿ, ಅದನ್ನು ತೆರೆದು, ಒಳಗಿನ ಸೆಟಪ್ ಓಡಿಸಿದೆ. ಫೈಲ್ ಮತ್ತು ಆ್ಯಪ್ ಎರಡೂ ಉಳಿಯಲಿ ಅನ್ನುವುದನ್ನು ಆರಿಸಿ. ಗುಡುಗು ಇರುವ ಸಂಜೆ ಮಾತ್ರ ಕೂರಬೇಡಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ.

ಪಡುಬಿದ್ರಿಯಿಂದ:
11 ಹಾಕಿ ಮೂರನೇ ದಿನ ಜಾಗ ಉಳಿಸಲು, ಹಳೆ ವಿಂಡೋಸ್ ಉಳಿದಿರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದೆ. ನಾಲ್ಕನೇ ದಿನ ಗೊತ್ತಾಯಿತು, ಹಳೆ ಪ್ರಿಂಟರ್‌ಗೆ ಡ್ರೈವರ್ ಇಲ್ಲ. ಹತ್ತು ದಿನದೊಳಗೆ 10ಕ್ಕೆ ವಾಪಸ್ ಹೋಗಬಹುದು ಅನ್ನುವುದು ನಿಜ, ಆದರೆ ಆ ಫೋಲ್ಡರ್ ಇದ್ದರೆ ಮಾತ್ರ. ನಿಮ್ಮದು ಜೆರಾಕ್ಸ್ ಅಂಗಡಿ ಅಲ್ವಾ, ಮೊದಲ ದಿನವೇ ಎಲ್ಲ ಪ್ರಿಂಟರ್, ಸ್ಕ್ಯಾನರ್ ಓಡಿಸಿ ನೋಡಿ.

ಮಣಿಪಾಲದಿಂದ:
ನಾನು ಫಾರ್ಮ್ಯಾಟ್ ಪಕ್ಷ, ಆದರೆ ಹಳೆ ಡಿಸ್ಕಿನ ಮೇಲೆ ಅಲ್ಲ. ಹೊಸ ಎಸ್‌ಎಸ್‌ಡಿ ತಂದು, 8 ಜಿಬಿ ಪೆನ್‌ಡ್ರೈವ್‌ನಿಂದ ಅದರಲ್ಲಿ 11 ಹಾಕಿದೆ. ಹಳೆ ಡಿಸ್ಕ್ ಬಿಚ್ಚಿ ಕಪಾಟಿನಲ್ಲಿ ಇಟ್ಟೆ. ಏನೇ ಎಡವಟ್ಟಾದರೂ ವಾಪಸ್ ಸಿಕ್ಕಿಸಿದರೆ ಆಯಿತು. ವಿಂಡೋಸ್‌ನ ಪ್ರಾಡಕ್ಟ್ ಕೀ ಕೇಳಿದಾಗ ಇಲ್ಲ ಅಂತ ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೊ ಅದನ್ನೇ ಆರಿಸಿ. 10 ಸರಿಯಾಗಿ ಆ್ಯಕ್ಟಿವೇಟ್ ಆಗಿದ್ದ ಬೋರ್ಡ್ ಆದರೆ ನೆಟ್ ಸಿಕ್ಕಿದಾಗ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಆದರೆ ನುಡಿ, ಅದರ ಫಾಂಟ್, ಟ್ಯಾಲಿ ಎಲ್ಲ ಮತ್ತೆ ಹಾಕಬೇಕು. ಫಾಂಟ್ ಇಲ್ಲದೆ ಹಳೆ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ, ಹೆದರಬೇಡಿ, ಫೈಲ್ ಹಾಳಾಗಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲೇ ಅದರ 48 ಅಂಕಿಯ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕುಂದಾಪುರದಿಂದ:
ಲ್ಯಾಪ್‌ಟಾಪ್ ಬಗ್ಗೆ ಯಾರೂ ಹೇಳಲಿಲ್ಲ. ಆರನೇ ಜನರೇಶನ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಲ್ಲ. ರೂಫಸ್ ಅನ್ನುವ ಟೂಲ್‌ನಲ್ಲಿ ತಪಾಸಣೆ ತಪ್ಪಿಸಿ 11 ಹಾಕುವವರು ಇದ್ದಾರೆ, ಆದರೆ ಮುಂದಿನ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ಅಂಥದ್ದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್ ಎಲ್ಲ ಸರಿ ಇದೆಯಾ ನೋಡಿ, ಆಮೇಲೆ ಹಾಕಿದರಾಯಿತು. ಟ್ಯಾಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ಅಂಗಡಿಗೆ ಬೇಡ. ಮಕ್ಕಳ ಪಾಠಕ್ಕೆ, ಯಕ್ಷಗಾನ ಕೇಳಲಿಕ್ಕೆ ಧಾರಾಳ ಸಾಕು.

ಬ್ರಹ್ಮಾವರದಿಂದ ಮತ್ತೆ:
ಪಿಟಿಟಿ ಸಿಕ್ಕಿತು! ಆನ್ ಮಾಡಿದ್ದೇ ತಡ, ಈಗ ಆಗುತ್ತದೆ ಅಂತ ತೋರಿಸುತ್ತಿದೆ. ಅಪ್ಪನ ರೆಕಾರ್ಡಿಂಗ್ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗುತ್ತಾ ಇದೆ, ಇನ್ನೂ ಎರಡು ಗಂಟೆಯಂತೆ. ಭಾನುವಾರ ಅಂಗಡಿ ರಜೆ, ಆವತ್ತೇ ಕೂರುತ್ತೇನೆ.